ಒಂದು ಚಿಟಿಕೆ ಮೈದಾ

ಬೆಚ್ಚಗಿನ ಹಾಲಿಗೆ ಈಸ್ಟ್ ಉದುರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಒಂದು ಹುಳಿ ವಾಸನೆ ಏಳುತ್ತದಲ್ಲ, ನಿಮಗೆ ಅದು ಬರೀ ಹುಳಿ. ನನಗೆ ಅದು ಅಪ್ಪನ ಬನಿಯನ್ನಿನ ವಾಸನೆ. ಈ ಬೆಳಿಗ್ಗೆಯೂ ಬಟ್ಟಲಿನ ಮೇಲೆ ಬಗ್ಗಿ ಅದನ್ನೇ ಮೂಸುತ್ತ ನಿಂತಿದ್ದೆ.

ದೇವರಾಜ ಮೊಹಲ್ಲಾದ ಒಂದು ಬೇಕರಿಯಲ್ಲಿ ಅಪ್ಪ ಹಿಟ್ಟು ನಾದುತ್ತಿದ್ದರು. ಸೌದೆ ಒಲೆಯ ಬೇಕರಿ. ಸ್ಕೂಲು ಬಿಟ್ಟ ಮೇಲೆ ನಾನು ಅಲ್ಲೇ ಮೈದಾ ಮೂಟೆಯ ಮೇಲೆ ಕೂತು ಹೋಂವರ್ಕ್ ಬರೆಯುತ್ತಿದ್ದೆ. ಹಿಟ್ಟಿನ ಕಡೆ ಕೈ ಚಾಚಿದರೆ ಅಪ್ಪ ಮೊಣಕೈಯಲ್ಲಿ ತಳ್ಳುತ್ತಿದ್ದರು. "ಇದು ಒಂದ್ಸಲ ಅಂಟ್ಕೊಂಡ್ರೆ ಬುಡಲ್ಲ ಕಣಮ್ಮ. ನೀನು ಪೆನ್ನು ಹಿಡಿ."

ಹಿಡಿದೆ. ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನನ್ನದು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಈಗ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ದಟ್ಟಗಳ್ಳಿಯ ನಮ್ಮ ಮನೆಯ ಹಾಲ್‌ನಲ್ಲಿ ನಾನು ಕಪ್ಪು ಗೌನು ತೊಟ್ಟ ಫೋಟೋ ಇದೆ. ಬಾಗಿಲಿಗೆ ಯಾರೇ ಬರಲಿ, ಅಪ್ಪ ಅದನ್ನು ತೋರಿಸಿ "ಎಮ್ಮೆಸ್ಸಿ ಮಾಡವ್ಳೆ" ಅನ್ನುತ್ತಾರೆ. ಕೊರಿಯರ್‌ನವರೂ ಇದರಿಂದ ಪಾರಾಗಿಲ್ಲ.

ಮಂಡಿ ಸೋತು ಕೆಲಸ ಬಿಟ್ಟ ಮೇಲೆ ಅಪ್ಪ ನನ್ನ ಜೊತೆಗಿದ್ದಾರೆ. ಅವರ ಬೇಕರಿಗೆ ಯಂತ್ರ ಬಂತು. ಅಂಗಡಿಯ ಬನ್ನು ತಂದರೆ "ಇದು ಹತ್ತಿ" ಎಂದು ಪಕ್ಕಕ್ಕಿಡುತ್ತಾರೆ. ಆ ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿರುವುದನ್ನು ನೋಡಿದಾಗಲೆಲ್ಲ, ಅವರಿಗೆ ಗೊತ್ತಿರುವುದು ಅವರೊಂದಿಗೇ ಮುಗಿದುಹೋಗುತ್ತದಲ್ಲ ಅನ್ನಿಸುತ್ತಿತ್ತು. ಕಲಿಸು ಎಂದರೆ ಒಂದೇ ಮಾತು: "ಅದಕ್ಕಾ ನಿನ್ನ ಓದ್ಸಿದ್ದು?"

ಸರಿ, ಒಂದು ಓವನ್ ಕೊಂಡು ಫೋನ್ ನೋಡಿಕೊಂಡು ನಾನೇ ಶುರುಮಾಡಿದೆ. ಹುದುಗುವಿಕೆಯ ಸಮೀಕರಣವನ್ನು ಬೋರ್ಡಿನ ಮೇಲೆ ಕಣ್ಣುಮುಚ್ಚಿ ಬರೆಯಬಲ್ಲೆ. ನನ್ನ ಹಿಟ್ಟು ಮಾತ್ರ ಅದನ್ನು ಓದಿರಲಿಲ್ಲ. ಮೊದಲ ಭಾನುವಾರದ ಬನ್ನನ್ನು ಅಪ್ಪ ಮೇಜಿನ ಮೇಲೆ ಕುಟ್ಟಿ ನೋಡಿದರು. "ರೂಮಿನ ಬಾಗ್ಲು ಗಾಳಿಗೆ ಬಡ್ಕೊಳ್ತದಲ್ಲ, ಅದಕ್ಕೆ ಅಡ್ಡ ಇಡು." ಎರಡನೆಯ ಭಾನುವಾರ ಕುಟ್ಟಿಯೂ ನೋಡದೆ ಪಕ್ಕಕ್ಕಿಟ್ಟರು. ಅದು ಇನ್ನೂ ಕಷ್ಟವಾಯಿತು.

ಮೂರನೆಯ ವಾರ, ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಬಂದವರು ಓವನ್ ಬಾಗಿಲು ತೆರೆದು, ಒಳಗೆ ಕಾಯುತ್ತಿದ್ದ ಖಾಲಿ ತಟ್ಟೆಯ ಮೇಲೆ ಒಂದು ಚಿಟಿಕೆ ಮೈದಾ ಎರಚಿದರು.

"ಅಪ್ಪ, ಇದು ಸೌದೆ ಒಲೆ ಅಲ್ಲ, ಕರೆಂಟಿಂದು. ನೂರ ಎಂಬತ್ತು ಅಂತ ಅಲ್ಲೇ ತೋರಿಸ್ತಿದೆ ನೋಡು."

ಅಪ್ಪ ತುಟಿಯಲ್ಲೇ ಎಣಿಸುತ್ತ ನಿಂತರು. ಮೈದಾ ಬೆಳ್ಳಗೇ ಇತ್ತು.

"ನಿನ್ ಒಲೆ ಸುಳ್ಳು ಹೇಳ್ತದೆ ಕಣಮ್ಮ. ಇನ್ನೂ ಕಾಯ್ಲಿ."

ಶಾಖ ಏರಿಸಿ ಕಾದೆವು. ಮತ್ತೆ ಎರಚಿದರು. ಈ ಸಲ ಮೈದಾ ನಿಧಾನವಾಗಿ ಗೋಧಿಯ ಬಣ್ಣಕ್ಕೆ ತಿರುಗಿತು. ಅಪ್ಪ ತಲೆಯಾಡಿಸಿ, ಹಿಟ್ಟಿನ ಕಡೆ ನೋಡಿ, ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡರು.

"ಹಿಟ್ಟು ತೊಳ್ಕೊಂಡ್ರೆ ಹೋಗುತ್ತೆ ಅಪ್ಪ," ಎಂದೆ. "ಡಿಗ್ರಿ ಹೋಗಲ್ಲ."

ಅವರು ತಮ್ಮ ಅಂಗೈಯನ್ನೇ ಒಂದು ಗಳಿಗೆ ನೋಡಿಕೊಂಡರು. ಆಮೇಲೆ ನನ್ನ ಕೈ ಹಿಡಿದು ಒಂದು ಉಂಡೆಯ ಮೇಲಿಟ್ಟು, ಮೇಲೆ ತಮ್ಮ ಕೈ ಮುಚ್ಚಿದರು. "ಬಟ್ಲು ಥರ ಮಾಡ್ಕೊ. ಅದುಮ್ಬೇಡ, ತಿರುಗ್ಸು. ಆಂ... ಅಂಗೇ." ಅವತ್ತಿನ ಬನ್ನುಗಳಲ್ಲಿ ಎರಡು ಸೊಟ್ಟಗಿದ್ದವು. ಎರಡೂ ನನ್ನವೇ. ಅಪ್ಪ ಅವನ್ನೇ ಆರಿಸಿಕೊಂಡು ತಿಂದರು.

ಇವತ್ತು ನಾನೇ ಮೈದಾ ಎರಚಿ, ನಾನೇ ಎಣಿಸಿದೆ. ಬನ್ನು ತೆಗೆಯುವ ಹೊತ್ತಿಗೆ ಇಸ್ತ್ರಿ ಬಟ್ಟೆ ತಂದವರು ಬಾಗಿಲಿಗೆ ಬಂದರು. ಇನ್ನೇನು ಫೋಟೋ ಪುರಾಣ ಶುರು ಅಂದುಕೊಂಡೆ. ಅಪ್ಪ ಬಿಸಿ ಬನ್ನೊಂದನ್ನು ಪೇಪರಿನಲ್ಲಿ ಸುತ್ತಿ ಅವರ ಕೈಗಿಟ್ಟರು.

"ತಿನ್ನಪ್ಪ. ನನ್ ಮಗ್ಳು ಮಾಡಿದ್ದು."

ಅಷ್ಟೇ. ಆತ ಮೆಟ್ಟಿಲಿಳಿದು ಗೇಟು ದಾಟುವಾಗ ಅಪ್ಪನಿಗೆ ನೆನಪಾಯಿತೇನೋ, ಬಾಗಿಲಿನಿಂದಲೇ ಕೂಗಿ ಹೇಳಿದರು:

"ಎಮ್ಮೆಸ್ಸಿನೂ ಮಾಡವ್ಳೆ."