ಚಿದಾನಂದ ಕೈಬಿಟ್ಟ ಮಾತು

ಬನಹಟ್ಟಿಯ ಚಿದಾನಂದ ವಿಮೆ ಏಜೆಂಟನಾಗಿ ಎಷ್ಟೋ ವರ್ಷ ಕಳೆದರೂ ಯಾರ ಮನೆಯಲ್ಲೂ ಸಾವಿನ ಮಾತನ್ನು ಬಾಯಿಬಿಟ್ಟು ಆಡಿದವನಲ್ಲ. ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡೇ ಸ್ಕೂಟರ್ ಹತ್ತುವ ಮನುಷ್ಯ. ಮಂದಿಯ ಮನೆಯೊಳಗೆ ಕೂತು, ಅವರು ಕೊಟ್ಟ ಚಹಾ ಕುಡಿಯುತ್ತ ಅಂಥ ಮಾತು ಆಡುವುದು ಅವನಿಂದಾಗದು. "ಏನರ ಹೆಚ್ಚು ಕಡಿಮಿ ಆದರ" ಎನ್ನುವನು; ಎದುರಿನವರು ತಿಳಿದುಕೊಳ್ಳುವರು. ಸಮೀರವಾಡಿಯ ಸಕ್ಕರೆ ಕಾರ್ಖಾನೆಯವರೂ ಬನಹಟ್ಟಿಯ ನೇಕಾರರೂ ಅವನನ್ನೇ ಕರೆಯುತ್ತಿದ್ದುದು ಈ ಸಂಕೋಚ ಕಂಡೇ ಇರಬೇಕು.

ಅದೇ ಸಂಕೋಚ ಗಂಗಾಂಬಿಕಾಳಿಗೆ ತೊಡಕಾಯಿತು. ಚಿದಾನಂದನ ಓಣಿಯವಳೇ ಆಕೆ, ಜಮಖಂಡಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಸಕ್ಕರೆ ತೆಗೆಯುವ ಬೀಟ್ ಗಡ್ಡೆಯ ಮೇಲೆ ಸಂಶೋಧನೆ ಮಾಡಲು ಪೋಲೆಂಡ್ ದೇಶದ ವಿಶ್ವವಿದ್ಯಾಲಯವೊಂದು ಆಕೆಯನ್ನು ವಿನಿಮಯ ಕಾರ್ಯಕ್ರಮದ ಅತಿಥಿಯಾಗಿ ಆರು ತಿಂಗಳಿಗೆ ಕರೆದಿತ್ತು. ಕಬ್ಬಿಲ್ಲದೆ ಸಕ್ಕರೆ ಮಾಡುವ ಮಂದಿ ಎಂಥವರಿದ್ದಾರೋ ಎಂದು ತಾಯಿ ಶಿವವ್ವ ಬಂದವರೆದುರು ನಗುತ್ತಿದ್ದಳು. ಆದರೆ ಅಲ್ಲಿಗೆ ಹೋಗಬೇಕಾದರೆ ಇರುವಷ್ಟು ದಿನಕ್ಕೂ ಆರೋಗ್ಯ ವಿಮೆ ಇರಬೇಕು. ಆಸ್ಪತ್ರೆ ಖರ್ಚು, ಅಪಘಾತ, ಜಡ್ಡು ಹೆಚ್ಚಾದರೆ ಊರಿಗೆ ಕಳಿಸುವುದು, ಅಲ್ಲೇ ತೀರಿಕೊಂಡರೆ ಶವವನ್ನು ಮನೆಗೆ ತಲುಪಿಸುವುದು, ಎಲ್ಲವೂ ಅದರಲ್ಲಿ ಸೇರಿರಬೇಕು.

ವಿಮೆ ಮಾಡಿಸಿಕೊಟ್ಟ ಚಿದಾನಂದ ಕೊನೆಯದನ್ನು ಕೈಬಿಟ್ಟ. ಏನೇನು ಸೇರಿಸಬೇಕೆಂದು ಕಂಪನಿಯವರು ಫೋನಿನಲ್ಲಿ ಕೇಳಿದಾಗ ಗಂಗಾಂಬಿಕಾ ಎದುರಿಗೇ ಕೂತಿದ್ದಳು. "ಅದೊಂದು ಬ್ಯಾಡ್ರಿ" ಎಂದುಬಿಟ್ಟ. ವಿಶ್ವವಿದ್ಯಾಲಯ ಆ ವಿಮೆಯನ್ನು ಒಪ್ಪಲಿಲ್ಲ. ಶುಕ್ರವಾರದೊಳಗೆ ಸರಿಪಡಿಸದಿದ್ದರೆ ಆಕೆಯ ಜಾಗ ಬೇರೆಯವರ ಪಾಲು.

ಸುದ್ದಿ ಕೇಳಿ ಚಿದಾನಂದ ಮುಖ ಸಣ್ಣದು ಮಾಡಿಕೊಂಡು ಅವರ ಮನೆಗೆ ಬಂದ. ಗಂಗಾಂಬಿಕಾ ಬೈಯಲಿಲ್ಲ. ಶಿವವ್ವ ಬಿಡಲಿಲ್ಲ, ಏನು ಬಿಟ್ಟೆ, ಯಾಕೆ ಬಿಟ್ಟೆ ಎಂದು ಕೆದಕಿ ಕೇಳಿದಳು. ಅವನು ಹೆಚ್ಚು ಕಡಿಮೆಯ ಮಾತು ತೆಗೆದ.

"ಹೆಚ್ಚಂದ್ರ ಏನು, ಕಡಿಮಿ ಅಂದ್ರ ಏನು? ಬಿಡಿಸಿ ಹೇಳಪಾ. ನಾ ಏನ್ ಕೂಸಲ್ಲ."

ಚಿದಾನಂದ ನೆಲ ನೋಡಿದ. "ಅಲ್ಲೇ ಜೀವ ಹೋದರ, ಹೆಣಾ ಮನಿಗೆ ತಂದು ಮುಟ್ಟಸೂದ್ರಿ ಕಾಕೂ. ಅದನ್ನ ಬಿಟ್ಟೇನಿ."

ಶಿವವ್ವನ ಗಂಡ ಶಿವಯೋಗೆಪ್ಪ ಹತ್ತಿ ವ್ಯಾಪಾರಕ್ಕೆಂದು ದೂರದ ಊರಿಗೆ ಹೋದವನು ಅಲ್ಲೇ ತೀರಿಕೊಂಡಿದ್ದ. ತರುವ ಅನುಕೂಲವಿರಲಿಲ್ಲ, ಗುರುತಿಲ್ಲದವರ ನೆಲದಲ್ಲಿ ಮಣ್ಣು ಮಾಡಿ ಬಂದಿದ್ದರು. ಹಿರಿಯರ ಗದ್ದಿಗೆಗಳೆಲ್ಲ ಇರುವ ಹೊಲದಲ್ಲಿ ಅವನದೊಂದಿಲ್ಲ.

"ಖರೇನ ತರ್ತಾರೇನು? ನಮ್ಮ ಹೊಲದ ಮಟಾ?"

ಊರಿಗೆ ತರುತ್ತಾರೆ, ಅಲ್ಲಿಂದ ಹೊಲಕ್ಕೆ ತಾನಿದ್ದೇನೆ ಎಂದ ಚಿದಾನಂದ.

"ಅಂಥಾ ಛಲೋದನ್ನ ಬಿಟ್ಟೆಲ್ಲೋ ಹುಚ್ಚಪ್ಯಾಲಿ. ಹಚ್ಚು ಫೋನು."

ಅವನು ಅಲ್ಲೇ ಫೋನು ಹಚ್ಚಿದ. ಬಿಟ್ಟಿದ್ದನ್ನು ಸ್ಪಷ್ಟವಾಗಿ ಹೇಳಿದ; ಆ ಕಡೆಯವರಿಗೆ ಕೇಳಿಸದಿದ್ದಾಗ ಇನ್ನೊಮ್ಮೆ, ಜೋರಾಗಿ ಹೇಳಿದ. ಮುಗಿಸಿದಾಗ ಅವನ ಕೈ ತಾನಾಗಿ ಎದೆಯ ಲಿಂಗದ ಮೇಲಿತ್ತು. ಶಿವವ್ವ ಚಹಾ ತಂದಿಟ್ಟು, ಬೀಳಗಿಯ ತಂಗಿಯ ಮನೆಗೆ ಹೋಗುವಾಗ ತನಗೂ ಇಂಥದೊಂದು ಮಾಡಿಸಬಹುದೇ, ಬಸ್ಸಿನವರು ಓಡಿಸುವ ರೀತಿ ನೋಡಿದರೆ ಬೇಕಾದೀತು ಎಂದಳು. ಗಂಗಾಂಬಿಕಾ ನಕ್ಕಳು. ಚಿದಾನಂದನೂ ತಡವಾಗಿ ನಕ್ಕ.

ಶುಕ್ರವಾರ ಮಧ್ಯಾಹ್ನ ಒಪ್ಪಿಗೆ ಬಂತು. ಮಗಳು ಓದಿ ಹೇಳಿದ್ದನ್ನು ಕೇಳಿ ಶಿವವ್ವ ದೇವರ ಜಗಲಿಗೆ ಕೈಮುಗಿದಳು. ಆಮೇಲೆ ಒರಳಿನ ಮುಂದೆ ಕೂತು ಶೇಂಗಾ ಚಟ್ನಿ ಕುಟ್ಟತೊಡಗಿದಳು, ಆರು ತಿಂಗಳಿಗೆ ಸಾಲುವಷ್ಟು.