ಕರೆಂಟು ಇಡದ ಓಂಕಾರಮೂರ್ತಿಯವರು

ಕಾಫಿ ತೋಟಗಳ ನಮ್ಮ ಸೀಮೆಯಲ್ಲಿ ಫಿಜಿಯೋಥೆರಪಿ ಎಂದರೆ ಬಹುಕಾಲ ‘ಕರೆಂಟು ಇಡಿಸಿಕೊಳ್ಳುವುದು’ ಎಂದೇ ಅರ್ಥವಾಗಿತ್ತು. ಯಾರ ಮನಸ್ಸನ್ನೂ ನೋಯಿಸದೆ ಆ ನಂಬಿಕೆಯನ್ನು ತಿದ್ದಿದವರು, ಮೂಡಿಗೆರೆಯಲ್ಲಿ ಮೂರು ದಶಕ ದುಡಿದು ಈಗ ನಿವೃತ್ತರಾಗುತ್ತಿರುವ ಶ್ರೀ ಓಂಕಾರಮೂರ್ತಿಯವರು. ಅದೇ ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದು ಅವರಿಗಿಂತ ಮೊದಲೇ ಮನೆ ಸೇರಿದ ನನಗೆ ಅವರನ್ನು ಕುರಿತು ಬರೆಯುವುದು ಸಂತೋಷದ ಕೆಲಸ.

ಅವರು ಸೇವೆಗೆ ಬಂದ ಹೊಸದರಲ್ಲಿ, ಚಳಿಗಾಲದ ಬೆಳಿಗ್ಗೆ ರೋಗಿಯನ್ನು ಮುಟ್ಟುವ ಮುನ್ನ ಬಿಸಿನೀರಿನ ಲೋಟಕ್ಕೆ ಅಂಗೈ ಒತ್ತಿ ಬೆಚ್ಚಗೆ ಮಾಡಿಕೊಳ್ಳುವುದನ್ನು ಕಂಡಿದ್ದೆ. ಆದರೆ ಅವರನ್ನು ನಿಜವಾಗಿ ಅರಿತದ್ದು ಮರಿಯಮ್ಮ ಬಂದ ವರ್ಷ.

ಮರಿಯಮ್ಮ ಕೊಟ್ಟಿಗೆಹಾರದ ಕಡೆಯ ಎಸ್ಟೇಟೊಂದರಲ್ಲಿ ಕಾಫಿ ಕುಯ್ಯುವವರು. ಮಳೆಗಾಲದಲ್ಲಿ ಜಾರಿಬಿದ್ದು ಬಲಗೈ ನೋಯತೊಡಗಿದಾಗ, ಊರೂರು ತಿರುಗಿ ಮಾರುವವರಿಂದ ಕರೆಂಟು ಕೊಡುವ ಬ್ಯಾಟರಿಯ ಪುಟ್ಟ ಯಂತ್ರ ಕೊಂಡು, ಹೆಚ್ಚು ಹೊತ್ತು ಇಟ್ಟಷ್ಟೂ ಬೇಗ ವಾಸಿಯೆಂದು ನಂಬಿ, ವಾರಗಟ್ಟಲೆ ಹಗಲಿಡೀ ಮೊಣಕೈಗೆ ಕಟ್ಟಿಕೊಂಡಿದ್ದರು. ನೋವು ಹೋಯಿತು, ಅದರೊಂದಿಗೆ ಬೆರಳುಗಳ ಬಲವೂ ಸ್ಪರ್ಶವೂ ಹೋದವು. ಕುಯ್ಲಿನ ಹೊತ್ತಿಗೆ ಕೈ ಬಾರದಿದ್ದರೆ ಆ ವರ್ಷ ಅವರಿಗೆ ಕೆಲಸವಿರಲಿಲ್ಲ.

“ದೊಡ್ಡ ಮೆಷಿನ್ ಇಡಿ ಸಾರ್. ನಮ್ದು ಚಿಕ್ಕದು, ಅದ್ಕೇ ಕೈ ಸತ್ತೋಯ್ತು,” ಎಂದರು.

“ಸತ್ತಿಲ್ಲ ಮರಿಯಮ್ಮ. ಬಿಡದೆ ಕರೆಂಟ್ ಕೊಟ್ಟು ನರಕ್ಕೆ ಪೆಟ್ಟಾಗಿದೆ. ಈಗ ಅದನ್ನ ಸುಮ್ನೆ ಬಿಡ್ಬೇಕು.”

“ಸುಮ್ನೆ ಬಿಡೋಕೆ ಬಸ್ಸು ಹತ್ತಿ ಇಲ್ಲಿಗೆ ಬರ್ಬೇಕಿತ್ತಾ?”

ಮರಿಯಮ್ಮ ಮುನಿದು ಹೊರಗೆ ಕುಳಿತರು. ಕಂಪೌಂಡರ್ ದಯಾನಂದ ಮೆಲ್ಲಗೆ, “ಸ್ವಿಚ್ ಹಾಕ್ದೆ ಮೆಷಿನ್ ಪಟ್ಟಿ ಕಟ್ಟಿಬಿಡಿ ಸಾರ್, ಸಮಾಧಾನ ಆಗ್ತಾರೆ,” ಎಂದ.

“ಬೇಡ ಮಾರಾಯ. ಬೆರಳು ಬಂದ್ರೆ ಮೆಷಿನ್ನಿಂದ ಬಂತು ಅಂತಾರೆ. ಮುಂದಿನ ಸಲ ಮೊಣಕಾಲಿಗೂ ಕಟ್ಕೊಳ್ತಾರೆ.”

ಹೊರಗೆ ಹೋಗಿ ಬೆಂಚಿನ ಮೇಲೆ ಪಕ್ಕದಲ್ಲೇ ಕುಳಿತು, ಆ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಒಂದೊಂದೇ ಬೆರಳನ್ನು ಮಡಿಸಿ ಬಿಡಿಸುತ್ತ ವ್ಯಾಯಾಮ ಕಲಿಸಿದರು. ಕಣ್ಣು ಮುಚ್ಚಿಸಿ ಒಣಕಾಫಿ, ಮೆಣಸಿನ ಕಾಳು ಮುಟ್ಟಿಸಿ ಯಾವುದೆಂದು ಕೇಳುತ್ತಿದ್ದರು. ಮರಿಯಮ್ಮ ಬಾಯಿಗೆ ಬಂದದ್ದು ಹೇಳುತ್ತಿದ್ದರು. ದೀಪಾವಳಿ ಕಳೆದ ಮೇಲೊಂದು ದಿನ ಗಾಬರಿಯಿಂದ ಬಂದರು: “ಕೈಯೆಲ್ಲ ಇರುವೆ ಹರಿದಂಗೆ ಉರೀತದೆ ಸಾರ್.” ಮಿತಭಾಷಿಯಾದ ಓಂಕಾರಮೂರ್ತಿಯವರು ಅಂದು ಎಲ್ಲರಿಗೂ ಚಹಾ ತರಿಸಿದರು. ನರ ಚೇತರಿಸಿಕೊಳ್ಳುವ ಲಕ್ಷಣವದು.

ಕುಯ್ಲಿನ ಮೊದಲ ಸುತ್ತು ತಪ್ಪಿಹೋಯಿತು. ಎರಡನೆಯದಕ್ಕೆ ಮರಿಯಮ್ಮ ತೋಟಕ್ಕೆ ಇಳಿದರು. ಆದರೆ ಕಿರುಬೆರಳು ಜೋಮು ಬಿಡಲಿಲ್ಲ. “ಅದು ಬಾರದೇ ಹೋಗ್ಬಹುದು,” ಎಂದು ಓಂಕಾರಮೂರ್ತಿಯವರು ಮುಚ್ಚಿಡದೆ ಹೇಳಿದಾಗ ಮರಿಯಮ್ಮ ಆ ಬೆರಳನ್ನು ಎತ್ತಿ ನೋಡಿಕೊಂಡು, “ಇರ್ಲಿ ಬಿಡಿ ಸಾರ್. ಅದು ಮೊದ್ಲಿಂದ್ಲೂ ಕೆಲಸಗಳ್ಳ,” ಎಂದರು.

ಇನ್ನು ಮುಂದೆ ಓಂಕಾರಮೂರ್ತಿಯವರು ಕಳಸದಲ್ಲಿ ವಾರಕ್ಕೆರಡು ದಿನ ರೋಗಿಗಳನ್ನು ನೋಡಲಿದ್ದಾರೆಂದು ಕೇಳಿ ಹರ್ಷವಾಯಿತು. ದೇವರು ಅವರಿಗೆ ದೀರ್ಘಾಯುಸ್ಸನ್ನೂ ಆರೋಗ್ಯವನ್ನೂ ಕೊಡಲಿ. ಬರುವುದನ್ನು ಬರುತ್ತದೆಂದೂ ಬಾರದ್ದನ್ನು ಬಾರದೆಂದೂ ಪಕ್ಕದಲ್ಲಿ ಕುಳಿತು ಹೇಳುವವರೊಬ್ಬರು ಆ ಊರಿನವರಿಗೂ ಬಹುಕಾಲ ಇರಲಿ.