ಜೇಡಿ ಮನುಷ್ಯನ ದನಿ

ನಮ್ಮ ಪಕ್ಕದ ಮನೆಯ ಲವ್ಡೇ ಪಾಸ್ಕೋಳ ಗಂಡ ಟಿ.ವಿ.ಯಲ್ಲಿ ರಾಕ್ಷಸನಾಗಿದ್ದವನು. ಈ ಮಾತನ್ನು ನಮ್ಮೂರಾದ ಕ್ಯಾರ್‌ಗ್ಲೇಸಿಗೆ ಹೊಸದಾಗಿ ಬಂದವರಿಗೆ ಹೇಳಿದರೆ ನಗುತ್ತಾರೆ. ಹಳಬರು ನಗುವುದಿಲ್ಲ. ಅವರಲ್ಲಿ ಹಲವರು ಆಗ ತಾವೂ ರಾಕ್ಷಸರಾಗಿದ್ದವರೇ.

ಎಪ್ಪತ್ತೊಂದರ ಬೇಸಿಗೆಯಲ್ಲಿ ಲಂಡನ್ನಿನಿಂದ ‘ಹನ್ನೊಂದನೆಯ ಚಂದ್ರ’ ಎಂಬ ಧಾರಾವಾಹಿಯವರು ನಮ್ಮ ಬಿಳಿ ಜೇಡಿಯ ಗಣಿಗೆ ಬಂದರು. ಹುಲ್ಲುಕಡ್ಡಿ ಹುಟ್ಟದ ನಮ್ಮ ಮಣ್ಣುಗುಡ್ಡಗಳು ಅವರ ಕಣ್ಣಿಗೆ ಬೇರೆ ಲೋಕದ ಹಾಗೆ ಕಂಡವು. ಗಣಿಯ ಆಳುಗಳಲ್ಲೇ ಎತ್ತರದವರನ್ನು ಆರಿಸಿ, ರಬ್ಬರಿನ ಮೈ, ರಬ್ಬರಿನ ಬುರುಡೆ ತೊಡಿಸಿ ಜೇಡಿ ಮನುಷ್ಯರನ್ನಾಗಿ ಮಾಡಿದರು. ಲವ್ಡೇಯ ಗಂಡ ಹೆಡ್ಲಿ ಪಾಸ್ಕೋ ಅವರ ನಾಯಕ. ಪ್ರಾರ್ಥನಾ ಮಂದಿರದ ಹಾಡುಗಾರರಲ್ಲಿ ಮಂದ್ರಸ್ಥಾಯಿಯ ದನಿ ಅವನದೇ. ಅವನು ಎದೆಯಿಂದ ದನಿ ತೆಗೆದರೆ ನಾವು ಕೂತ ಬೆಂಚು ಅದುರುತ್ತಿತ್ತು. ಆದರೆ ಧಾರಾವಾಹಿ ಬಂದಾಗ ನೋಡಿದರೆ, ಬುರುಡೆಯೊಳಗಿನಿಂದ ಮಾತಾಡುತ್ತಿದ್ದವನು ಲಂಡನ್ನಿನ ಯಾವನೋ ನಟ. ನಮ್ಮ ಕಾರ್ನ್‌ವಾಲ್ ಮಾತಿನ ಧಾಟಿ ರಾಕ್ಷಸನಿಗೆ ಹೊಂದುವುದಿಲ್ಲವೆಂದು ಮೇಲಿನವರು ದನಿ ಬದಲಾಯಿಸಿದ್ದರು.

ಅದಾಗಿ ಮೂರು ವರ್ಷಕ್ಕೆ, ಚಳಿಗಾಲದ ಒಂದು ಬೆಳಿಗ್ಗೆ, ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದ ಹೆಡ್ಲಿ ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು. ಲವ್ಡೇಗೆ ಮಕ್ಕಳಿರಲಿಲ್ಲ. ಇನ್ನೊಂದು ಮದುವೆಯನ್ನೂ ಆಗಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ದುಡಿದಳು, ಮಂದಿರದ ಚಹಾಕೂಟಗಳಿಗೆ ಮಾಂಸ, ಆಲೂಗಡ್ಡೆ ತುಂಬಿದ ಪ್ಯಾಸ್ಟಿ ಕಡುಬು ಬೇಯಿಸಿದಳು, ಬಾಯಿಗೆ ಬಂದದ್ದನ್ನು ಬಂದ ಹಾಗೇ ಅಂದು ಊರಿನಲ್ಲಿ ಹೆಸರು ಮಾಡಿದಳು. ಆ ಧಾರಾವಾಹಿ ಮರುಪ್ರಸಾರವಾದಾಗಲೆಲ್ಲ ಟಿ.ವಿ. ಆರಿಸಿಬಿಡುತ್ತಿದ್ದಳು.

“ಮೂತಿನೂ ಅವಂದಲ್ಲ, ದನಿನೂ ಅವಂದಲ್ಲ. ನಾನ್ಯಾಕೆ ನೋಡ್ಲಿ?” ಎನ್ನುತ್ತಿದ್ದಳು.

ಒಮ್ಮೆ ನಮ್ಮಿಬ್ಬರ ಮನೆ ನಡುವಿನ ಗೋಡೆಗೆ ಒರಗಿ ನಿಂತವಳು, ನಾನು ಕೇಳದೆಯೇ ಹೇಳಿದಳು: “ಟ್ಯಾಮ್ಸಿನ್, ಅವನ ದನಿ ನಂಗೆ ಮರೆತೇಹೋಗಿದೆ ಕಣೆ. ಏನೇನಂದ ಅಂತ ಎಲ್ಲಾ ನೆನಪಿದೆ. ಹೆಂಗಂದ ಅಂತ ಮಾತ್ರ ಬರ್ತಿಲ್ಲ. ರಾತ್ರಿಯೆಲ್ಲ ಜ್ಞಾಪಿಸ್ಕೊಂಡ್ರೂ ನನ್ನ ದನೀಲೇ ಕೇಳುತ್ತೆ.”

ಹೆಡ್ಲಿಯ ಫೋಟೋಗಳಿದ್ದವು, ಅವನ ಕೋಟಿತ್ತು. ದನಿಯನ್ನು ಯಾರು ತೆಗೆದಿಟ್ಟಿರುತ್ತಾರೆ? ಆಗ ನಮ್ಮಂಥವರ ಮನೆಗಳಲ್ಲಿ ಟೇಪ್‌ರೆಕಾರ್ಡರ್ ಎಲ್ಲಿತ್ತು?

ಎರಡು ಸಾವಿರದ ಆರರ ವಸಂತದಲ್ಲಿ ನೈಜೆಲ್ ಎಂಬವನು ಊರಿಗೆ ಬಂದ. ಆ ಧಾರಾವಾಹಿಯನ್ನು ಡಿವಿಡಿಯಾಗಿ ಹೊರತರುವ ಕೆಲಸ ಅವನದು. ಕಂತುಗಳ ಜೊತೆಗೆ ಹೆಚ್ಚಿನ ತುಣುಕುಗಳನ್ನೂ ಸೇರಿಸಬೇಕಿತ್ತು: ಆಗ ಅಲ್ಲಿದ್ದವರ ಮಾತು, ಗಣಿ ಈಗ ಹೇಗಿದೆ ಅನ್ನುವುದು, ಬಿಟ್ಟುಹೋದ ದೃಶ್ಯಗಳು. ತಲೆ ಅರ್ಧ ಬೋಳಾಗಿದ್ದರೂ, ಹೆಡ್ಲಿಯ ಹೆಸರು ಕೇಳಿದ್ದೇ ತಡ ಅವನ ಮುಖ ಚಿಕ್ಕ ಹುಡುಗನ ಹಾಗೆ ಅರಳಿಬಿಟ್ಟಿತು.

“ಜೇಡಿ ನಾಯಕ ನಿಮ್ಮ ಯಜಮಾನ್ರಾ, ಮಿಸೆಸ್ ಪಾಸ್ಕೋ? ಚಿಕ್ಕೋನಿದ್ದಾಗ ಅವ್ರನ್ನ ನೋಡಿ ಸೋಫಾ ಹಿಂದೆ ಬಚ್ಚಿಟ್ಕೊಂಡಿದ್ದೆ!”

“ನಂಗೂ ಹಂಗೇ ಆಗ್ತಿತ್ತಪ್ಪ, ಅವನು ಗಣಿಯಿಂದ ಬಂದು ಬೂಟು ಬಿಚ್ಚಿದಾಗ,” ಎಂದಳು ಲವ್ಡೇ. “ಕೂತ್ಕೋ. ಪ್ಯಾಸ್ಟಿ ತಿನ್ನು. ಕ್ಯಾಮೆರಾ ಆಮೇಲೆ ನೋಡೋಣ.”

ಕೊನೆಗೆ ಒಪ್ಪಿದಳು. ಹಳೆಯ ಗಣಿಯಲ್ಲೀಗ ಹಸಿರುಮಿಶ್ರಿತ ನೀಲಿ ನೀರು ತುಂಬಿಕೊಂಡಿದೆ. ಅದರ ದಡದಲ್ಲಿ ಕುರ್ಚಿ ಹಾಕಿ ಕೂರಿಸಿದರು. ಗಾಳಿಗೆ ತಲೆಯ ಸ್ಕಾರ್ಫು ಹಾರುತ್ತಿದ್ದರೂ ಅವಳು ಚೆನ್ನಾಗಿಯೇ ಮಾತಾಡಿದಳು. ಚಿತ್ರೀಕರಣದ ದಿನಗಳಲ್ಲಿ ಮಧ್ಯಾಹ್ನ ಊಟ ಒಯ್ಯುತ್ತಿದ್ದುದು ಅವಳೇ. ಬುರುಡೆ ತೆಗೆಯಲು ಅರ್ಧ ಗಂಟೆ ಹಿಡಿಯುತ್ತಿದ್ದುದರಿಂದ, ಪ್ಯಾಸ್ಟಿಯನ್ನು ಮುರಿದು ಮುರಿದು ರಾಕ್ಷಸನ ಬಾಯಿಯ ಸೀಳಿನೊಳಗೆ ತುರುಕುತ್ತಿದ್ದಳಂತೆ. ನೈಜೆಲ್ ನಕ್ಕು ನಕ್ಕು ಕಣ್ಣೊರೆಸಿಕೊಂಡ.

ಅವನು ಹೋಗಿ ಕೆಲವು ವಾರಗಳಾದ ಮೇಲೆ ಅವನದೇ ಫೋನ್ ಬಂತು. ಲವ್ಡೇ ಫೋನಿಟ್ಟು ನೇರ ನಮ್ಮ ಅಡುಗೆಮನೆಗೆ ಬಂದಳು.

“ಸಿಕ್ಕಿದೆಯಂತೆ,” ಎಂದಳು.

“ಏನೇ ಸಿಕ್ಕಿದ್ದು?”

“ದನಿ. ಗಣೀಲಿ ಚಿತ್ರ ತೆಗೀವಾಗ ಹೆಡ್ಲಿನೇ ಮಾತು ಹೇಳಿದ್ನಲ್ಲ, ಲಂಡನ್ನೋನು ಹೇಳೋಕ್ಮುಂಚೆ. ಆ ಟೇಪು ಯಾವ್ದೋ ಉಗ್ರಾಣದಲ್ಲಿತ್ತಂತೆ. ಡಿವಿಡಿಗೆ ಹಾಕ್ತೀವಿ, ನೀವು ಬಂದು ಕೇಳಿ ಹ್ಞೂಂ ಅನ್ನಿ ಅಂತಾನೆ.” ಕುರ್ಚಿ ಎಳೆದು ಕೂತಳು. “ನಾನು ಹೋಗಲ್ಲ.”

“ಯಾಕೆ?”

“ಕೇಳಿದ್ಮೇಲೂ ಇವನು ಯಾರೋ ಅನ್ನಿಸಿದ್ರೆ?”

ಹೋದೆವು. ಅವಳೊಬ್ಬಳನ್ನೇ ಬಿಡಲು ಮನಸ್ಸಾಗದೆ ನಾನೂ ಹೊರಟೆ. ಸೇಂಟ್ ಆಸ್ಟೆಲ್‌ನಲ್ಲಿ ರೈಲು ಹತ್ತಿದಾಗಿನಿಂದ ಲಂಡನ್ ಮುಟ್ಟುವವರೆಗೆ ಅವಳು ಕೈಚೀಲವನ್ನು ತೊಡೆಯಿಂದ ಇಳಿಸಲಿಲ್ಲ. ಮದುವೆಗೆ ಹೊರಟವಳ ಹಾಗೆ ಕೂದಲು ಸೆಟ್ ಮಾಡಿಸಿಕೊಂಡಿದ್ದಳು.

ಗೋಡೆಗೆಲ್ಲ ಮೆತ್ತೆ ಬಡಿದ ಸಣ್ಣ ಕೋಣೆ. ನೈಜೆಲ್ ನಮ್ಮನ್ನು ಪರದೆಯ ಮುಂದೆ ಕೂರಿಸಿ ಗುಂಡಿ ಒತ್ತಿದ. ಗಾಳಿಯ ಸದ್ದು ಬಂತು, ನಮ್ಮೂರಿನದೇ ಗಾಳಿ. ಯಾರೋ ಚಿತ್ರೀಕರಣದ ಕ್ಲ್ಯಾಪ್ ಹಲಗೆ ಬಡಿದರು. ಪರದೆಯ ಮೇಲೆ ಜೇಡಿ ನಾಯಕ ಬಿಳಿ ಗುಡ್ಡದಿಂದ ಇಳಿದು ಬಂದು ಕೈಯೆತ್ತಿದ.

“ಮನುಷ್ಯರೇ, ಈ ನೆಲ ನಮ್ದು!”

ಅಪ್ಪಟ ಕ್ಯಾರ್‌ಗ್ಲೇಸಿನ ಮಾತು. ಬೇಲಿ ಹಾರಿ ಬಂದ ಕುರಿಗಳನ್ನು ಗದರಿಸುವ ಹಾಗಿತ್ತು. ಇನ್ನೂ ನಿಧಾನವಾಗಿ ಹೇಳಬೇಕೆಂದು ನಿರ್ದೇಶಕ ಕೂಗಿದ.

“ಸ್ವಾಮೀ, ಈ ಬುರುಡೆಯೊಳ್ಗೆ ಉಸಿರಾಡೋಕೇ ಪುರಸೊತ್ತಿಲ್ಲ, ನಿಧಾನ ಬೇರೆ ಕೇಡು!”

ಎಲ್ಲರೂ ನಕ್ಕ ಸದ್ದು. ಅಷ್ಟರಲ್ಲಿ ದೂರದಿಂದ ಒಂದು ಹೆಣ್ಣುದನಿ: “ಹೆಡ್ಲೀ! ತಣ್ಣಗಾಗ್ತಿದೆ!”

“ಬಂದೆ ಕಣೆ, ಬಂದೆ. ನೀನಲ್ಲೇ ಇರು.”

ಟೇಪು ಮುಗಿಯಿತು. ಆ ಹೆಣ್ಣುದನಿ ಲವ್ಡೇಯದೇ ಎಂದು ನೈಜೆಲನಿಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ. ಅವಳ ಮುಖ ನೋಡಿದ ಮೇಲೆ ಹೊಳೆಯಿತು. ಅವನು ಎದ್ದು ನೀರು ತಂದಿಟ್ಟು, ದೂರ ಹೋಗಿ ನಿಂತ.

ಅವಳು ಅಳಲಿಲ್ಲ. ನನ್ನ ಕಡೆ ತಿರುಗಿದಳು.

“ಹುಡುಗ ಕಣೆ ಇವನು,” ಎಂದಳು. “ಎಷ್ಟು ಚಿಕ್ಕೋನು ನೋಡು. ನನ್ನೊಳಗಿದ್ದೋನು ನನ್ಜೊತೇನೇ ಮುದುಕ ಆಗಿದ್ದ, ಕೆಮ್ತಿದ್ದ, ಗೊಣಗ್ತಿದ್ದ. ಇವನ ದನಿ ಕೇಳಿದ್ರೆ ನಂಗೆ ಮಗ ಇದ್ದಿದ್ರೆ ಹಿಂಗೆ ಮಾತಾಡ್ತಿದ್ನೇನೋ ಅನ್ಸುತ್ತೆ.”

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಂಡು ನೈಜೆಲನನ್ನು ಕರೆದಳು.

“ನೋಡಪ್ಪ. ನೆಲ ನಮ್ದು ಅಂದಿದ್ದು ಹಾಕ್ಕೋ. ಬುರುಡೆ ಮಾತೂ ಹಾಕ್ಕೋ, ಜನ ನಗ್ಲಿ, ಅವನಿಗೂ ಅದೇ ಬೇಕಾಗಿತ್ತು. ಆಮೇಲಿಂದು ಬೇಡ.”

ನೈಜೆಲ್ ತಡವರಿಸಿದ. “ಮಿಸೆಸ್ ಪಾಸ್ಕೋ, ಇಡೀ ಡಿವಿಡಿಗೆ ಜೀವ ಬರೋದೇ ಆ ತುಣುಕಿನಿಂದ. ಅದನ್ನ ಕೇಳಿದ್ರೆ ಜನ—”

“ಅದು ಜನಕ್ಕೆ ಹೇಳಿದ್ದಲ್ಲ. ನಂಗೆ ಹೇಳಿದ್ದು.”

ಮೂವತ್ತು ವರ್ಷಗಳಿಂದ ಆ ಧಾರಾವಾಹಿಯ ಚೂರು ಚೂರನ್ನೂ ಹುಡುಕಿ ಕೂಡಿಟ್ಟವನು ಅವನು. ಸಿಕ್ಕ ಚೂರನ್ನು ಬಿಟ್ಟುಕೊಡುವುದು ಎಷ್ಟು ಕಷ್ಟವೆಂಬುದು ಅವನ ಮುಖದಲ್ಲೇ ಕಾಣುತ್ತಿತ್ತು. ಆದರೂ ತಲೆಯಾಡಿಸಿದ. ನಾವು ಹೊರಡುವ ಮುಂಚೆ, ಆ ಕೊನೆಯ ಮಾತಷ್ಟನ್ನೇ ಒಂದು ಬೇರೆ ಡಿವಿಡಿ ತಟ್ಟೆಗೆ ಇಳಿಸಿ, ಹೆಸರು ಬರೆಯದ ಡಬ್ಬಿಯಲ್ಲಿಟ್ಟು ಅವಳ ಕೈಗೆ ಕೊಟ್ಟ.

ಆ ತಟ್ಟೆಯನ್ನು ಅವಳು ಹಾಕಿ ಕೇಳಿದಳೋ ಇಲ್ಲವೋ ನಾನು ಕೇಳಿಲ್ಲ. ಡಿವಿಡಿ ಯಂತ್ರವನ್ನಂತೂ ಕೊಂಡಳು. ಕೆಲವು ಭಾನುವಾರ ಮಧ್ಯಾಹ್ನ ಅವಳ ಮನೆಯ ಕಿಟಕಿಯ ಪರದೆಗಳು ಮುಚ್ಚಿರುತ್ತಿದ್ದವು. ಆಗ ನಾನು ಬಾಗಿಲು ತಟ್ಟುತ್ತಿರಲಿಲ್ಲ.

ನವೆಂಬರಿನಲ್ಲಿ ಡಿವಿಡಿ ಅಂಗಡಿಗೆ ಬಂತು. ಮಂದಿರದ ಸಭಾಂಗಣದಲ್ಲಿ ಊರಿನವರಿಗೆಲ್ಲ ತೋರಿಸಿದರು. ನೈಜೆಲ್ ಲಂಡನ್ನಿನಿಂದ ಅದಕ್ಕೆಂದೇ ಬಂದಿದ್ದ. ಮೊದಲು ಕಂತು, ಆಮೇಲೆ ತುಣುಕುಗಳು. ಗಣಿಯ ದಡದಲ್ಲಿ ಕೂತ ಲವ್ಡೇ ಪರದೆಯ ಮೇಲೆ ಕಂಡಾಗ ಹುಡುಗರು ಸಿಳ್ಳೆ ಹಾಕಿದರು. “ಸುಮ್ನಿರ್ರೋ, ಗಲ್ಲದ ಕೆಳಗಿನ ಚರ್ಮ ಇಷ್ಟು ಜೋತಿದೆ ಅಂತ ಯಾರೂ ಹೇಳ್ಲಿಲ್ವಲ್ಲ ನಂಗೆ,” ಎಂದು ಗದರಿದಳು.

ಕೊನೆಗೆ ಹೆಡ್ಲಿಯ ದನಿ ಬಂತು. ಮುಂದಿನ ಸಾಲಿನಲ್ಲಿ ಕೂತಿದ್ದ ಹಳೆಯ ಜೇಡಿ ಮನುಷ್ಯರು, ಈಗ ಕೋಲು ಹಿಡಿದವರು, ನೆಟ್ಟಗೆ ಕೂತರು. ಒಬ್ಬ ಟೋಪಿ ತೆಗೆದ. ನಿಧಾನ ಬೇರೆ ಕೇಡು ಎಂದಾಗ ಸಭಾಂಗಣವೇ ಬಿದ್ದು ಬಿದ್ದು ನಕ್ಕಿತು. ಅಲ್ಲಿಗೆ ತುಣುಕು ಮುಗಿದು ದೀಪ ಹತ್ತಿತು. ಜನ ಎದ್ದು ಚಹಾದ ಮೇಜಿನ ಕಡೆ ನಡೆದರು, ಕುರ್ಚಿಗಳು ಕಿರುಗುಟ್ಟಿದವು.

ಲವ್ಡೇ ಮಾತ್ರ ಎದ್ದಿರಲಿಲ್ಲ. ಖಾಲಿ ಪರದೆಯ ಕಡೆ ಕಿವಿಗೊಟ್ಟು, ತಲೆ ಸ್ವಲ್ಪ ವಾಲಿಸಿ ಕೂತೇ ಇದ್ದಳು. ಅವಳಿಗೆ ಕಿವಿ ಮಂದವಾಗುತ್ತಿದೆಯೆಂದು ಯಾರೋ ನನ್ನ ಹಿಂದೆ ಪಿಸುಗುಟ್ಟಿದರು. ಬಾಗಿಲ ಬಳಿ ನಿಂತಿದ್ದ ನೈಜೆಲ್ ನನ್ನ ಕಡೆ ನೋಡಿದ. ಟೇಪಿನಲ್ಲಿ ಅದರ ಮುಂದೆ ಏನಿತ್ತೆಂದು ಅಲ್ಲಿ ನಮ್ಮ ಮೂವರಿಗೇ ಗೊತ್ತಿತ್ತು. ಆಮೇಲೆ ಅವನು ಹೋಗಿ ಅವಳಿಗೊಂದು ಕಪ್ ಚಹಾ ತಂದ.